ಆ ನಾಲ್ಕು ಎಲ್ಲಿ ಹೋಯಿತು?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಲೆಕ್ಕದ ಮಾತೇಕೆ ಎಂದು ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಗಣಿತ ನಮ್ಮ ಪದವಿಯ ವಿಷಯವೂ ಅಲ್ಲ. ಬಿ.ಎ., ಬಿ.ಎಡ್. ಮುಗಿಸಿ ಸಮಾಜ ಪಾಠವನ್ನೂ ಕನ್ನಡವನ್ನೂ ಬೋಧಿಸುತ್ತ ಬಂದವರು ನಾವು. ಆದರೆ ಗಡಿನಾಡಿನ ಸಣ್ಣ ಶಾಲೆಗಳಲ್ಲಿ ಮಾಸ್ತರರಿಗೆ ಒಂದೇ ವಿಷಯವೆಂಬುದಿಲ್ಲ. ಲೆಕ್ಕದ ಮಾಸ್ತರರ ಹುದ್ದೆ ಖಾಲಿಯಿದ್ದ ವರ್ಷಗಳಲ್ಲಿ ಆ ಪಾಠವನ್ನೂ ನಾವೇ ಹೊತ್ತುಕೊಳ್ಳಬೇಕಾಗುತ್ತಿತ್ತು. ಅಂಥ ಒಂದು ವರ್ಷ ಐದನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದ ಪ್ರಶ್ನೆಗೆ ನಾವು ಸರಿಯಾದ ಉತ್ತರ ಕೊಡಲಾಗಲಿಲ್ಲ. ನಿವೃತ್ತರಾಗಿ ಇಷ್ಟು ವರ್ಷಗಳಾದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಈ ಲೇಖನ ಆ ಉತ್ತರದ ಪ್ರಯತ್ನ.

ಅಂದಿನ ಪಾಠ ದಶಮಾಂಶ ಸಂಖ್ಯೆಗಳನ್ನು ಸನ್ನಿಹಿತ ಬೆಲೆಗೆ ತರುವುದು. 7.64 ಎಂಬ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದೆವು. ಏಳು ಬಿಡಿಸ್ಥಾನದ್ದು, ಆರು ಹತ್ತನೆಯ ಒಂದಂಶದ ಸ್ಥಾನದ್ದು, ನಾಲ್ಕು ನೂರನೆಯ ಒಂದಂಶದ ಸ್ಥಾನದ್ದು. ಹತ್ತನೆಯ ಅಂಶಕ್ಕೆ ಸನ್ನಿಹಿತಗೊಳಿಸಬೇಕಾದರೆ ಅದರ ಬಲಬದಿಯ ಅಂಕಿಯನ್ನು ನೋಡಬೇಕು. ಅದು ಐದಕ್ಕಿಂತ ಕಡಿಮೆಯಿದ್ದರೆ ಬಿಡಬೇಕು, ಐದು ಅಥವಾ ಹೆಚ್ಚಿದ್ದರೆ ಎಡದ ಅಂಕಿಗೆ ಒಂದನ್ನು ಕೂಡಿಸಬೇಕು. ಇಲ್ಲಿ ನಾಲ್ಕು ಇದೆ, ಬಿಟ್ಟೆವು, ಉತ್ತರ 7.6 ಎಂದೆವು. ಹಲಗೆಯ ಮೇಲಿನ ನಾಲ್ಕನ್ನು ಅಳಿಸಿಯೂ ಬಿಟ್ಟೆವು. ಆಗ ಹಿಂದಿನ ಸಾಲಿನಿಂದ ಆ ಬಾಲಕಿ ಎದ್ದು ನಿಂತು, "ಸರ, ಆ ನಾಕು ಎಲ್ಲಿ ಹೋಯ್ತ್ರಿ?" ಎಂದಳು.

ತರಗತಿ ನಕ್ಕಿತು. ನಾವೂ ನಕ್ಕು, "ಅದು ಸಣ್ಣದವ್ವ, ಲೆಕ್ಕಕ್ಕ ಇಲ್ಲ" ಎಂದು ಮುಂದಿನ ಲೆಕ್ಕಕ್ಕೆ ಹೋದೆವು. ಸಣ್ಣದು ಲೆಕ್ಕಕ್ಕಿಲ್ಲ ಎಂಬ ಮಾತನ್ನು ಸಣ್ಣ ಮಗುವಿಗೆ, ಸಣ್ಣ ಊರಿನಲ್ಲಿ, ಒಂದು ಸಣ್ಣ ಭಾಷಾ ಸಮುದಾಯದ ಶಾಲೆಯಲ್ಲಿ ಹೇಳಿದೆವೆಂಬ ಅರಿವು ಆಗ ನಮಗೆ ಇರಲಿಲ್ಲ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಚಿಲ್ಲರೆ ಬಿಡದೆ ಬದುಕು ನಡೆಯದು. ನಮ್ಮ ತಂದೆಯವರ ಕಾಲದ ನಾಣ್ಯವನ್ನೇ ನೋಡಿ. ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ತನ್ನದೇ ಹಾಲಿ ಸಿಕ್ಕಾ ಇತ್ತು. ಬ್ರಿಟಿಷ್ ಭಾರತದ ರೂಪಾಯಿಯನ್ನು ನಮ್ಮ ಕಡೆ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ವಿನಿಮಯದ ದರ. ನೂರು ಕಲ್ದಾರ್ ಬೇಕಾದರೆ 116 ಹಾಲಿ ರೂಪಾಯಿ, 10 ಆಣೆ, 8 ಪೈ ಕೊಡಬೇಕು. ಇದು ಕರಾರುವಾಕ್ಕಾಗಿ ಕೂಡಿಬರುವ ಲೆಕ್ಕ. ಆದರೆ ಒಂದೇ ಒಂದು ಹಾಲಿ ರೂಪಾಯಿಯನ್ನು ಕಲ್ದಾರಿಗೆ ತಿರುಗಿಸಲು ಹೋದರೆ 13 ಆಣೆ, ಎಂಟೂವರೆ ಪೈ, ಅದರ ಮೇಲೆ ಇನ್ನೂ ಸ್ವಲ್ಪ. ದಶಮಾಂಶದಲ್ಲಿ ಬರೆದರೆ 0.857142, ಮತ್ತೆ 857142, ಮತ್ತೆ ಅದೇ, ಕೊನೆಯೆಂಬುದೇ ಇಲ್ಲ. ಯಾವ ಸ್ಥಾನದಲ್ಲಿ ನಿಲ್ಲಿಸಿದರೂ ಸತ್ಯದ ಒಂದು ಚೂರು ಆಚೆಗೆ ಉಳಿದೇ ಉಳಿಯುತ್ತದೆ. ಹಾಗೆಂದು ಅಂಗಡಿಯವನು ಕೈಚೆಲ್ಲಿ ಕೂಡಲಾಗದು. ಎಲ್ಲಿಯೋ ಒಂದು ಕಡೆ ನಿಲ್ಲಿಸಲೇಬೇಕು.

ಆದ್ದರಿಂದ ನಮ್ಮ ಮುಂದಿರುವ ಪ್ರಶ್ನೆ ಚಿಲ್ಲರೆ ಬಿಡಬಹುದೇ ಎಂಬುದಲ್ಲ. ಎಲ್ಲಿ ಬಿಡಬೇಕು, ಯಾರು ಬಿಡಬೇಕು, ಬಿಟ್ಟದ್ದು ಯಾರ ಪಾಲಿನದು, ಬಿಟ್ಟೆವೆಂಬ ನೆನಪನ್ನು ಯಾರು ಇಟ್ಟುಕೊಳ್ಳಬೇಕು ಎಂಬುದು ಪ್ರಶ್ನೆ. ಇದು ಗಣಿತದ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆ.

ಈ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಎಚ್ಚರದವರಾಗಿದ್ದರು. ತಾಂಡೂರಿನ ಬದಿಯಲ್ಲಿ ಹರಿಯುವ ಕಾಗಿಣಾ ನದಿ ಮುಂದೆ ಸೇಡಂ ಸೀಮೆಯನ್ನು ಹೊಕ್ಕು ಮಳಖೇಡದ ಕೋಟೆಯ ಮಗ್ಗುಲಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ರೂಪುಗೊಂಡ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿಯೇ ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಕ್ಷೇತ್ರಗಣಿತಕ್ಕೆ ಬಂದಾಗ ಅವನು ಲೆಕ್ಕವನ್ನು ಎರಡಾಗಿ ವಿಂಗಡಿಸುತ್ತಾನೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ದುಂಡನೆಯ ಹೊಲದ ಸುತ್ತಳತೆ ಬೇಕಾದರೆ ವ್ಯಾಸವನ್ನು ಮೂರರಿಂದ ಗುಣಿಸು, ಅದು ವ್ಯಾವಹಾರಿಕ. ಹತ್ತರ ವರ್ಗಮೂಲದಿಂದ ಗುಣಿಸು, ಅದು ಸೂಕ್ಷ್ಮ. ವ್ಯಾಸ ಏಳು ಮೊಳವಾದರೆ ಮೊದಲ ರೀತಿಯಲ್ಲಿ 21 ಮೊಳ, ಎರಡನೆಯ ರೀತಿಯಲ್ಲಿ ಸುಮಾರು 22.14 ಮೊಳ. ಇಂದಿನ ಲೆಕ್ಕದಂತೆ ನಿಜವಾದ ಬೆಲೆ 21.99ರ ಹತ್ತಿರ. ಅಂದರೆ ಅಂದಿನ ಸೂಕ್ಷ್ಮವೂ ಪೂರ್ತಿ ಸೂಕ್ಷ್ಮವಾಗಿರಲಿಲ್ಲ. ಇದರಿಂದ ಮಹಾವೀರನ ಹಿರಿಮೆ ಕುಗ್ಗುವುದಿಲ್ಲ. ಎರಡು ಲೆಕ್ಕಗಳಿಗೆ ಎರಡು ಹೆಸರಿಟ್ಟದ್ದೇ ಅವನ ಹಿರಿಮೆ. ವ್ಯಾವಹಾರಿಕವನ್ನು ಬಳಸು, ಆದರೆ ಅದನ್ನು ಸೂಕ್ಷ್ಮವೆಂದು ಕರೆಯಬೇಡ ಎಂಬ ಪ್ರಾಮಾಣಿಕತೆ ಅಲ್ಲಿದೆ. ಅವನಿಗೂ ಮೂರೂವರೆ ಶತಮಾನ ಮೊದಲು ಆರ್ಯಭಟನು 20000 ವ್ಯಾಸದ ವೃತ್ತಕ್ಕೆ 62832 ಪರಿಧಿಯನ್ನು ಹೇಳಿ, ಅದನ್ನು ಆಸನ್ನ, ಎಂದರೆ ಹತ್ತಿರದ್ದು, ಎಂದು ಕರೆದನು. ಅಷ್ಟು ನಿಖರವಾದ ಬೆಲೆಯನ್ನು ಕಂಡುಕೊಂಡವನು ಕೂಡ ಇದೇ ಅಂತಿಮವೆನ್ನಲಿಲ್ಲ. ಬಿಟ್ಟದ್ದನ್ನು ಬಿಟ್ಟೆನೆಂದು ಹೇಳಿ ಬಿಡುವುದು ವಿದ್ಯಾವಂತರ ಲಕ್ಷಣ.

ಇನ್ನು, ಬಿಟ್ಟದ್ದು ಯಾರ ಪಾಲಿನದು ಎಂಬ ಮಾತು. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ, ಅರವತ್ನಾಲ್ಕು ಪೈಸೆ, ನೂರಾ ತೊಂಬತ್ತೆರಡು ಪೈ. ಅಂದಿನಿಂದ ರೂಪಾಯಿಗೆ ನೂರು ನಯಾಪೈಸೆ. ನಾಲ್ಕು ಆಣೆಗೆ 25 ನಯಾಪೈಸೆ ಸರಿಯಾಗಿ ಕೂಡುತ್ತದೆ. ಆದರೆ ಒಂದು ಆಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಆದ್ದರಿಂದ ಹತ್ತಿರದ ಪೈಸೆಗೆ ತರಬೇಕು, ಎರಡು ಬದಿಗೂ ಸಮದೂರವಿದ್ದರೆ ಕೆಳಗಿನದಕ್ಕೆ ಇಳಿಸಬೇಕು ಎಂದು ಕಾನೂನು ವಿಧಿಸಿತು. ಅದರಂತೆ ಒಂದಾಣೆಗೆ 6, ಎರಡಾಣೆಯ ಹನ್ನೆರಡೂವರೆಗೆ 12, ಮೂರಾಣೆಯ ಹದಿನೆಂಟೂ ಮುಕ್ಕಾಲಿಗೆ 19. ಒಬ್ಬನೇ ಕೂಲಿಯವನು ನಾಲ್ಕು ಸಲ ಒಂದೊಂದು ಆಣೆ ಪಡೆದರೆ ಅವನ ಕೈಸೇರುವುದು 24. ನಾಲ್ಕಾಣೆಯನ್ನು ಒಮ್ಮೆಗೇ ಪಡೆದವನಿಗೆ 25. ಇಬ್ಬರೂ ಗಳಿಸಿದ್ದು ಅಷ್ಟೇ. ಚಿಲ್ಲರೆಯಲ್ಲಿ ಬದುಕುವವನಿಗೆ ಚಿಲ್ಲರೆಯೇ ನಷ್ಟ. ಇಡಿಯಾಗಿ ಎಣಿಸಿಕೊಳ್ಳುವವನಿಗೆ ಆ ನಷ್ಟದ ಅರಿವೂ ಆಗದು. ಕಾನೂನಿನಲ್ಲಿ ಮೋಸವಿರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಇತ್ತು, ಮೊದಲೇ ಪ್ರಕಟವೂ ಆಗಿತ್ತು. ಆದರೂ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ.

ನಿಯಮವೇ ಇಲ್ಲದ ಕಡೆ ಏನಾಗುತ್ತದೆಂದು ನಮ್ಮ ರೈತರನ್ನು ಕೇಳಬೇಕು. ಒಂದು ಚೀಲ ತೊಗರಿ 62.7 ಕಿಲೋ ತೂಗಿತೆಂದು ಇಟ್ಟುಕೊಳ್ಳೋಣ. ಕೊಳ್ಳುವಾತ 62 ಎಂದು ಬರೆದುಕೊಂಡರೆ ಹತ್ತು ಚೀಲಕ್ಕೆ ಏಳು ಕಿಲೋ ತೊಗರಿ ಹೋಯಿತು. ಪಾಠದ ನಿಯಮದಂತೆ ಅದು 63 ಆಗಬೇಕು. ಅದೇ ಕೊಳ್ಳುವಾತ ಮಾರಲು ಕುಳಿತಾಗ 62.3ನ್ನು 63 ಎಂದರೆ, ಅದನ್ನು ಸನ್ನಿಹಿತ ಬೆಲೆಯೆನ್ನಲಾಗದು. ಅದು ಕಳ್ಳತನಕ್ಕೆ ಹೊದಿಸಿದ ಗಣಿತದ ಶಾಲು. ಇದಕ್ಕೆ ಹೋಲಿಸಿ ನೋಡಿದರೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ರೀತಿ ಮೆಚ್ಚತಕ್ಕದ್ದು. ಒಟ್ಟು ಆದಾಯವನ್ನು ಹತ್ತು ರೂಪಾಯಿಯ ಹತ್ತಿರದ ಗುಣಕಕ್ಕೆ ತರಬೇಕಾಗಿತ್ತು. ಕೊನೆಯ ಅಂಕಿ ಐದು ಅಥವಾ ಹೆಚ್ಚಿದ್ದರೆ ಏರಿಸಬೇಕಾಗಿತ್ತು, ಇಲ್ಲದಿದ್ದರೆ ಇಳಿಸಬೇಕಾಗಿತ್ತು. ಸರಕಾರಕ್ಕೆ ಲಾಭವೋ ಪ್ರಜೆಗೆ ಲಾಭವೋ ಎಂದು ಅದು ನೋಡುತ್ತಿರಲಿಲ್ಲ. ಸ್ಥಾನ ಯಾವುದೆಂದು ಮೊದಲೇ ಹೇಳಿರಬೇಕು, ಏರುವಾಗಲೂ ಇಳಿಯುವಾಗಲೂ ನಿಯಮ ಒಂದೇ ಇರಬೇಕು. ಇವೆರಡು ಇದ್ದಲ್ಲಿ ಅದು ಲೆಕ್ಕ, ಇಲ್ಲದಲ್ಲಿ ವಂಚನೆ.

ಮೂರನೆಯ ಎಚ್ಚರವೊಂದುಂಟು. ಒಮ್ಮೆ ಸನ್ನಿಹಿತಗೊಳಿಸಿದ್ದನ್ನು ಮತ್ತೆ ಸನ್ನಿಹಿತಗೊಳಿಸಬಾರದು. 2.446ನ್ನು ನೇರವಾಗಿ ಪೂರ್ಣ ಸಂಖ್ಯೆಗೆ ತಂದರೆ 2. ಅದನ್ನೇ ಹಂತ ಹಂತವಾಗಿ ತಂದರೆ ಮೊದಲು 2.45, ಬಳಿಕ 2.5, ಕೊನೆಗೆ 3. ಪ್ರತಿಯೊಂದು ಹೆಜ್ಜೆಯಲ್ಲಿಯೂ ನಿಯಮ ಪಾಲಿಸಿದ್ದೇವೆ. ತಲುಪಿದ್ದು ಮಾತ್ರ ತಪ್ಪು ಮನೆ. ಕೆನಡಾ ದೇಶದ ವ್ಯಾಂಕೂವರ್ ಶೇರು ಪೇಟೆಯಲ್ಲಿ ಹೀಗೊಂದು ಪ್ರಸಂಗ ನಡೆಯಿತು. 1982ರ ಆರಂಭದಲ್ಲಿ 1000ಕ್ಕೆ ನಿಗದಿಪಡಿಸಿದ ಸೂಚ್ಯಂಕವನ್ನು ಪ್ರತಿ ವಹಿವಾಟಿಗೂ ಹೊಸದಾಗಿ ಗಣಿಸಿ, ಮೂರು ದಶಮಾಂಶ ಸ್ಥಾನಗಳ ಆಚೆಗಿನದನ್ನು ಪ್ರತಿಸಲವೂ ಕತ್ತರಿಸುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು. ಸರಿಯಾಗಿ ಗಣಿಸಿ ನೋಡಿದಾಗ ಅದು ಸುಮಾರು 1098 ಇರಬೇಕಾಗಿತ್ತು. ಸಾವಿರದಲ್ಲಿ ಒಂದಂಶಕ್ಕಿಂತಲೂ ಚಿಕ್ಕದಾದ ಚೂರುಗಳು, ಅದೂ ಒಂದೇ ದಿಕ್ಕಿಗೆ ಬಿದ್ದವು, ಎರಡು ವರ್ಷವೂ ತುಂಬುವ ಮೊದಲೇ ಅರ್ಧವನ್ನು ತಿಂದುಹಾಕಿದ್ದವು. ಸಣ್ಣದು ಲೆಕ್ಕಕ್ಕಿಲ್ಲವೆಂದು ನಾವು ಆ ಬಾಲಕಿಗೆ ಹೇಳಿದ್ದು ಎಷ್ಟು ತಪ್ಪೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ನಮ್ಮ ನೆಲದ ಮಾತಿಗೆ ಬರೋಣ. ಜಹೀರಾಬಾದು ಮತ್ತು ನಾರಾಯಣಖೇಡ ಹಿಂದೆ ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ಹಳೆಯ ಬೀದರ ಜಿಲ್ಲೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಸುತ್ತಿದ್ದವು. 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ಬೀದರ ಜಿಲ್ಲೆಯನ್ನು ಒಡೆಯದೆ, ತೆಲುಗು ಜಿಲ್ಲೆಗಳೊಡನೆ ಉಳಿದ ಹೈದರಾಬಾದು ರಾಜ್ಯದಲ್ಲಿಯೇ ಇಡಬೇಕೆಂದು ಸೂಚಿಸಿತ್ತು. ಆದರೆ 1956ರ ಕಾಯ್ದೆ ಅದನ್ನು ಮೂರು ಭಾಗ ಮಾಡಿತು. ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದು ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಆಂಧ್ರಪ್ರದೇಶವನ್ನು ಸೇರಿದವು. ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳೂ ಅತ್ತಲೇ ಬಂದವು. ಉಳಿದ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಇದೆಲ್ಲ ನಡೆದದ್ದು ಆ ವರ್ಷದ ನವೆಂಬರ್ 1ರಂದು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಹೀರಾಬಾದು, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದು ಜಿಲ್ಲೆಗೂ ಸೇರಿದವು.

ನಕ್ಷೆಯ ಗೆರೆ ಎಳೆಯುವವನೂ ಒಂದು ಸ್ಥಾನವನ್ನು ಆರಿಸಿಕೊಳ್ಳಲೇಬೇಕು. ಜಿಲ್ಲೆಯನ್ನು ಹಿಡಿದರೆ ಒಂದು ಉತ್ತರ, ತಾಲೂಕನ್ನು ಹಿಡಿದರೆ ಮತ್ತೊಂದು, ವೃತ್ತವನ್ನು ಹಿಡಿದರೆ ಇನ್ನೊಂದು, ಹಳ್ಳಿಯನ್ನು ಹಿಡಿದರೆ ಬೇರೆಯೇ. ಮನೆಯನ್ನೇ ಹಿಡಿದರೆ ಗೆರೆ ಎಳೆಯುವುದೇ ಅಸಾಧ್ಯ; ಏಕೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತಾಯಿ ಕನ್ನಡದವಳು, ಸೊಸೆ ತೆಲುಗಿನವಳು. 38 ಎಂಬ ಸಂಖ್ಯೆಯನ್ನು ಹತ್ತರ ಸ್ಥಾನಕ್ಕೆ ತಂದರೆ 40 ಆಗುತ್ತದೆ. ನೂರರ ಸ್ಥಾನಕ್ಕೆ ತಂದರೆ ಸೊನ್ನೆ. ಜನ ಅಷ್ಟೇ ಇದ್ದಾರೆ. ನೋಡುವ ಸ್ಥಾನ ಮಾತ್ರ ಬದಲಾಗಿದೆ. ಆದ್ದರಿಂದ ಗೆರೆ ಎಳೆದವರನ್ನು ನಾವು ಹಳಿಯುವುದಿಲ್ಲ. ಎಲ್ಲಿ ಎಳೆದರೂ ಶೇಷ ಉಳಿಯುತ್ತಿತ್ತು. ಗೆರೆಯ ಈಚೆ ಕನ್ನಡಿಗರು ಶೇಷವಾದಂತೆ ಆಚೆ ತೆಲುಗರು, ಮರಾಠಿಗರು ಶೇಷವಾದರು. ತೆಲುಗು ನಮಗೆ ಅನ್ನ ಕೊಟ್ಟ ಭಾಷೆ, ನೆರೆಮನೆಯ ಭಾಷೆ. ಅದರ ಮೇಲೆ ನಮಗೆ ಯಾವ ಮುನಿಸೂ ಇಲ್ಲ.

ಶೇಷದ ಪಾಲನ್ನು ಸಂವಿಧಾನವೂ ಮರೆಯಲಿಲ್ಲ. 1956ರ ಏಳನೆಯ ತಿದ್ದುಪಡಿಯಲ್ಲಿ 350ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಆ ವಿಧಿಯಲ್ಲಿ ಸಂಖ್ಯೆಯಿಲ್ಲ. ಸಂಖ್ಯೆ ಬಂದದ್ದು ಆಡಳಿತದ ಸೂತ್ರದಿಂದ. 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರದಂತೆ, ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಶಿಕ್ಷಕರನ್ನು ಒದಗಿಸಬೇಕು. ಮಹಾವೀರಾಚಾರ್ಯನ ಮಾತಿನಲ್ಲಿ ಹೇಳುವುದಾದರೆ 350ಎ ಸೂಕ್ಷ್ಮ. 40 ಮತ್ತು 10 ವ್ಯಾವಹಾರಿಕ.

ಈ ನಲವತ್ತರ ಸಂಖ್ಯೆಯೇ ಒಂದು ಜೂನ್ ತಿಂಗಳಲ್ಲಿ ನಮ್ಮ ಮೇಜಿನ ಮೇಲೆ ಬಂದು ಕುಳಿತಿತು. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯ ಕನ್ನಡ ವಿಭಾಗದ ಮಕ್ಕಳ ಸಂಖ್ಯೆಯನ್ನು ಮೇಲಿನ ಕಚೇರಿಗೆ ಬರೆದು ಕಳುಹಿಸಬೇಕಾಗಿತ್ತು. ಒಂದನೆಯ ತರಗತಿಯಲ್ಲಿ 8, ಎರಡರಲ್ಲಿ 7, ಮೂರರಲ್ಲಿ 9, ನಾಲ್ಕರಲ್ಲಿ 6, ಐದರಲ್ಲಿ 6. ಒಟ್ಟು 36. ಶಾಲೆಯಲ್ಲಿ ನಲವತ್ತಿಲ್ಲ, ಯಾವ ತರಗತಿಯಲ್ಲಿಯೂ ಹತ್ತಿಲ್ಲ. ನಮ್ಮೊಡನಿದ್ದ ಕಿರಿಯ ಶಿಕ್ಷಕರು ಒಳ್ಳೆಯವರು, ಮಕ್ಕಳ ಮೇಲೆ ಜೀವವಿಟ್ಟವರು. ಅವರು ನಮ್ಮ ಹತ್ತಿರ ಬಂದು ಮೆಲುದನಿಯಲ್ಲಿ, "ಸರ, ಮೂವತ್ತಾರು ಅಂದ್ರ ಹತ್ತರ ಸ್ಥಾನಕ್ಕ ನಲವತ್ತೇ ಆಗ್ತದಲ್ರಿ? ನೀವೇ ಹುಡುಗರಿಗಿ ಕಲಿಸೀರಿ. ನಾಕು ಹೆಸರು ಬರದ್ರ ಯಾರಿಗಿ ಏನು ನಷ್ಟ?" ಎಂದರು.

ಅವರ ಮಾತು ಮುಳ್ಳಿನಂತೆ ನಾಟಿತು. ಅದೇ ವರ್ಷ ಶಾಲೆಯ ಪರೀಕ್ಷೆಯಲ್ಲಿ ಮೂವತ್ತನಾಲ್ಕೂವರೆ ಅಂಕ ಪಡೆದ ಹುಡುಗನಿಗೆ ನಾವು ಮೂವತ್ತೈದು ಬರೆದು ತೇರ್ಗಡೆ ಮಾಡಿದ್ದೆವು. ಅದು ಸರಿಯಾದರೆ ಇದೇಕೆ ತಪ್ಪು? ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಿನ ಹೊತ್ತಿಗೆ ನಮಗೆ ತೋಚಿದ್ದು ಇಷ್ಟು: ಅರ್ಧ ಅಂಕವನ್ನು ಏರಿಸುವ ನಿಯಮ ಪರೀಕ್ಷೆಗೆ ಮೊದಲೇ ಇತ್ತು, ಎಲ್ಲ ಮಕ್ಕಳಿಗೂ ಅದೇ ನಿಯಮ. ಅಲ್ಲದೆ ಅಂಕವೆಂಬುದು ಅಳತೆ. ಅಳತೆಗೆ ಸ್ವಭಾವತಃ ಒಂದು ಮಸುಕು ಅಂಚು ಇರುತ್ತದೆ. ಬೇರೊಬ್ಬರು ತಿದ್ದಿದ್ದರೆ ಅದೇ ಉತ್ತರ ಪತ್ರಿಕೆಗೆ ಮೂವತ್ಮೂರೋ ಮೂವತ್ತಾರೋ ಬರುತ್ತಿತ್ತು. ಮಕ್ಕಳು ಅಳತೆಯಲ್ಲ, ಎಣಿಕೆ. ಮೂವತ್ತಾರು ಮಕ್ಕಳೆಂದರೆ ಮೂವತ್ತಾರು ಮುಖಗಳು. ಮೂವತ್ತೇಳನೆಯ ಹೆಸರನ್ನು ಬರೆದರೆ ಆ ಹೆಸರಿಗೆ ಮುಖವಿಲ್ಲ, ಹಾಜರಿ ಕೂಗಿದರೆ ಓಗೊಡುವವರಿಲ್ಲ. ಸೂತ್ರವು ನಲವತ್ತು ಎಂದಾಗ ಬಿಡಿಸ್ಥಾನದಲ್ಲಿಯೇ ಎಣಿಸಿ ಹೇಳಿತ್ತು. ಹತ್ತರ ಸ್ಥಾನವನ್ನು ಆರಿಸಿಕೊಳ್ಳುವ ಅಧಿಕಾರ ನಮ್ಮದಾಗಿರಲಿಲ್ಲ. ನಮಗೆ ಅನುಕೂಲವಾದ ಸ್ಥಾನವನ್ನು ಲೆಕ್ಕ ಬಂದ ಮೇಲೆ ಆರಿಸಿಕೊಂಡರೆ, ತೊಗರಿ ಕೊಳ್ಳುವಾತನಿಗೂ ನಮಗೂ ಏನು ವ್ಯತ್ಯಾಸ?

ಹೀಗೆ ಯೋಚಿಸಿ ನಾವು 36 ಎಂದೇ ಬರೆದು ಸಹಿ ಹಾಕಿದೆವು. ಕೆಲವು ತಿಂಗಳುಗಳಲ್ಲಿ ಒಂದು ಹುದ್ದೆ ಬೇರೆಡೆಗೆ ಹೋಯಿತು. ಉಳಿದ ಒಬ್ಬರೇ ಐದೂ ತರಗತಿಗಳನ್ನು ನೋಡಿಕೊಳ್ಳಬೇಕಾಯಿತು. ತಂದೆತಾಯಂದಿರಿಗೆ ಭರವಸೆ ತಪ್ಪಿತು. ಮರುವರ್ಷ ಕೆಲವರು ಮಕ್ಕಳನ್ನು ತೆಲುಗು ವಿಭಾಗಕ್ಕೆ ಬದಲಿಸಿದರು, ಅನುಕೂಲವಿದ್ದವರು ಇಂಗ್ಲಿಷ್ ಶಾಲೆಗೆ ಕಳುಹಿಸಿದರು. ಮುಂದೆ ಕೆಲವೇ ವರ್ಷಗಳಲ್ಲಿ ಕನ್ನಡ ವಿಭಾಗದ ಕೋಣೆಯಲ್ಲಿ ಹಳೆಯ ಬೆಂಚುಗಳನ್ನು ಇಡತೊಡಗಿದರು.

ನಿಜ ಬರೆದದ್ದಕ್ಕೆ ನಾವು ಪಶ್ಚಾತ್ತಾಪ ಪಡುವುದಿಲ್ಲ. ಆದರೆ ಬಹಳ ವರ್ಷ ನಾವು ಅಷ್ಟಕ್ಕೇ ತೃಪ್ತರಾಗಿದ್ದೆವು. ನಿಜ ಹೇಳಿದೆವು, ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಅದು ತಪ್ಪು. ಅದನ್ನು ಒಪ್ಪಿಕೊಳ್ಳಲು ನಮಗೆ ಎಪ್ಪತ್ತು ದಾಟಬೇಕಾಯಿತು. ನಮ್ಮ ಮುಂದೆ ಎರಡೇ ದಾರಿಗಳಿವೆ ಎಂದು ಭಾವಿಸಿದ್ದೆವು: 36 ಬರೆಯುವುದು, ಇಲ್ಲವೆ 40 ಬರೆಯುವುದು. ಮೂರನೆಯ ದಾರಿಯೊಂದಿತ್ತು. 36 ಎಂದು ಬರೆದು, ನಾಲ್ಕು ಮಕ್ಕಳನ್ನು ಹುಡುಕಿಕೊಂಡು ಹೋಗುವುದು. ಊರಿನಲ್ಲಿ ಆ ನಾಲ್ವರು ಇದ್ದರು. ದನ ಕಾಯುವವರು ಇದ್ದರು, ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ ಉಳಿದ ಹೆಣ್ಣುಮಕ್ಕಳಿದ್ದರು, ಕನ್ನಡದ ವಿಭಾಗ ಇದೆಯೆಂದೇ ತಿಳಿಯದೆ ಬೇರೆಡೆ ಸೇರಿಸಿದ ಮನೆಗಳಿದ್ದವು. ಒಂದು ವಾರ ಸಂಜೆ ಹೊತ್ತು ಓಣಿಗಳಲ್ಲಿ ತಿರುಗಿದ್ದರೆ ಸಾಕಿತ್ತು. ನಾವು ತಿರುಗಲಿಲ್ಲ. ಪಟ್ಟಿಯ ಜೊತೆಗೆ ಒಂದು ಪತ್ರವನ್ನಾದರೂ ಬರೆಯಬಹುದಿತ್ತು: ಕೊರತೆ ನಾಲ್ಕೇ, ಸಂವಿಧಾನದ ವಿಧಿಯಲ್ಲಿ ಸಂಖ್ಯೆಯಿಲ್ಲ, ಒಂದು ವರ್ಷ ಅವಕಾಶ ಕೊಡಿ ಎಂದು. ಬರೆಯಲಿಲ್ಲ. ಕಚೇರಿಯವರು ನಿಯಮದಂತೆ ನಡೆದರು. ನಾವು ಸತ್ಯದಂತೆ ನಡೆದೆವು. ಆ ಮೂವತ್ತಾರು ಮಕ್ಕಳ ಹೊಣೆ ಮಾತ್ರ ಯಾರ ಖಾತೆಗೂ ಬೀಳಲಿಲ್ಲ.

ಹಾಗಾದರೆ ಆ ಬಾಲಕಿಯ ಪ್ರಶ್ನೆಗೆ ಉತ್ತರವೇನು? ಇಂದು ಅವಳು ಕೇಳಿದರೆ ನಾವು ಹೀಗೆ ಹೇಳುತ್ತೇವೆ: ಆ ನಾಲ್ಕು ಎಲ್ಲಿಯೂ ಹೋಗಲಿಲ್ಲವವ್ವ. ನಾವು ಅದನ್ನು ಬರೆಯುವುದನ್ನು ಬಿಟ್ಟೆವು, ಅಷ್ಟೆ. ಬಟ್ಟೆ 7.64 ಮೀಟರ್ ಇದ್ದದ್ದು ನಾವು 7.6 ಎಂದ ಮಾತ್ರಕ್ಕೆ ಗಿಡ್ಡವಾಗುವುದಿಲ್ಲ. ಬಿಟ್ಟವನು ಬಿಟ್ಟೆನೆಂಬುದನ್ನು ನೆನಪಿಟ್ಟುಕೊಳ್ಳಬೇಕು, ಬೇಕಾದಾಗ ತಂದು ಕೂಡಿಸಬೇಕು. ಹಲಗೆಯ ಮೇಲೆ ಅಳಿಸಿದ್ದು ನಮ್ಮ ತಪ್ಪು; ಅಡಿಗೆರೆ ಎಳೆದು ಅಲ್ಲಿಯೇ ಉಳಿಸಬೇಕಾಗಿತ್ತು.

ಸಂಘದ ಬಂಧುಗಳಲ್ಲಿ ಈ ನೆಪದಲ್ಲಿ ಒಂದೆರಡು ವಿನಂತಿಗಳಿವೆ. ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಅಂಕಣದಲ್ಲಿ ಮನೆಯಲ್ಲಿ ಆಡುವ ಭಾಷೆಯನ್ನೇ ಬರೆಸಿರಿ. ಅನುಕೂಲಕ್ಕೆಂದು, ಸಂಕೋಚಕ್ಕೆಂದು ಬೇರೆ ಹೇಳಬೇಡಿರಿ. 1971ರಿಂದ ಈಚೆಗೆ ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳು ಜನಗಣತಿಯ ಪಟ್ಟಿಯಲ್ಲಿ ತಮ್ಮ ಹೆಸರಿನಿಂದ ಕಾಣದೆ ಇತರ ಎಂಬ ಸಾಲಿಗೆ ಸೇರುತ್ತಿವೆ. ಕನ್ನಡಕ್ಕೆ ಆ ಭಯವಿಲ್ಲ. ಆದರೆ ನಮ್ಮ ಮಂಡಲದಲ್ಲಿ, ನಮ್ಮ ಊರಿನಲ್ಲಿ ನಾವು ಇದ್ದೇವೆಯೇ ಇಲ್ಲವೇ ಎಂಬುದಕ್ಕೆ ಆ ಅಂಕಣವೇ ಸಾಕ್ಷಿ. ಮನೆಯ ಹಂತದಲ್ಲಿ ನಾವೇ ಸೊನ್ನೆ ಬರೆಸಿದರೆ ಮುಂದೆ ಯಾವ ಸ್ಥಾನಕ್ಕೆ ತಂದರೂ ಸೊನ್ನೆಯೇ. ಸುಳ್ಳು ಹೇಳಿ ಹೆಚ್ಚಿಸುವುದೂ ಬೇಡ. ಸಭೆಗೆ ಮುನ್ನೂರು ಜನ ಬಂದರೆ ಸಾವಿರವೆಂದು ವರದಿ ಬರೆಯುವ ಅಭ್ಯಾಸವನ್ನು ನಮ್ಮ ಸಂಘಗಳೂ ಬಿಡಬೇಕು. ನಮ್ಮ ಸಣ್ಣ ಲೆಕ್ಕ ನಿಜವೆಂದು ತಿಳಿದರೆ ಮಾತ್ರ ನಮ್ಮ ಸಣ್ಣ ಬೇಡಿಕೆಯನ್ನೂ ಕೇಳುವವರಿರುತ್ತಾರೆ. ಜಹೀರಾಬಾದು, ನಾರಾಯಣಖೇಡ, ತಾಂಡೂರು ಮೂರೂ ಕಡೆ ಕನ್ನಡ ಕಲಿಯಬಯಸುವ ಮಕ್ಕಳ ಹೆಸರುಗಳನ್ನು ಊರೂರಿಗೆ ಹೋಗಿ ಬರೆದಿಡುವ ಒಂದು ಪುಸ್ತಕ ಸಂಘದಲ್ಲಿರಲಿ. ಎಲ್ಲಿ ನಾಲ್ಕು ಕಡಿಮೆಯಿದೆಯೆಂದು ಜೂನ್ ಬರುವ ಮೊದಲೇ ನಮಗೆ ತಿಳಿಯಲಿ.

ಆ ವರ್ಷದ ಹಾಜರಿ ಪಟ್ಟಿಯಿಂದ ಬರೆದುಕೊಂಡ ಮೂವತ್ತಾರು ಹೆಸರುಗಳು ನಮ್ಮ ಬಳಿ ಈಗಲೂ ಇವೆ. ಅವರಲ್ಲಿ ಒಬ್ಬ ಮೊನ್ನೆ ಬಸ್ ನಿಲ್ದಾಣದಲ್ಲಿ ಕಾಲುಮುಟ್ಟಿ ನಮಸ್ಕರಿಸಿದ. ನಾಲ್ಕು ಎಕರೆ ಹೊಲ ಮಾಡಿಕೊಂಡು ಚೆನ್ನಾಗಿದ್ದಾನೆ. ನಮ್ಮೊಡನೆ ಸೊಗಸಾದ ಕನ್ನಡದಲ್ಲಿ ಮಾತಾಡಿದ. ನಮ್ಮ ಕೈಯಲ್ಲಿದ್ದ ಸಮ್ಮೇಳನದ ಆಮಂತ್ರಣ ಪತ್ರಿಕೆಯನ್ನು ಅವನಿಗೆ ಕೊಟ್ಟೆವು. ಅದನ್ನು ತಿರುವಿ ನೋಡಿ, ನಕ್ಕು, "ಸರ, ನೀವೇ ಓದಿ ಹೇಳ್ರಿ" ಎಂದ. ಈ ಲೇಖನವನ್ನೂ ಅವನಿಗೆ ಬೇರೆಯವರೇ ಓದಿ ಹೇಳಬೇಕು. ಸಮ್ಮೇಳನ ಮುಗಿದ ಮೇಲೆ ಆ ಪಟ್ಟಿಯನ್ನು ಹಿಡಿದು ಉಳಿದ ಮೂವತ್ತೈದು ಮನೆಗಳಿಗೂ ಹೋಗಬೇಕೆಂದಿದ್ದೇವೆ. ಯಾರು ಕನ್ನಡ ಓದಬಲ್ಲರು, ಯಾರು ಓದಲಾರರು, ಓದಲು ಈಗಲೂ ಆಸೆಯಿರುವವರೆಷ್ಟು ಎಂದು ಕೇಳಿ, ಬಂದ ಸಂಖ್ಯೆಯನ್ನು ಯಾವ ಸ್ಥಾನಕ್ಕೂ ಸರಿಹೊಂದಿಸದೆ ಸಂಘದ ಪುಸ್ತಕದಲ್ಲಿ ಬರೆದಿಡುತ್ತೇವೆ. ಜೊತೆಗೆ ಬರುವವರಿದ್ದರೆ ಸಂತೋಷ.